ಮೂವತ್ತು ವ್ಯಾಟಿನ ಮೇಷ್ಟರು

ತಾರ್ನಾಕ ಮೆಟ್ರೊ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಎಂಟೂಕಾಲರ ಹೊತ್ತಿಗೆ ರೈಲು ಹತ್ತಿದರೆ ರಾಯದುರ್ಗಂ ತಲುಪುವವರೆಗೆ ನನಗೆ ಸುಮಾರು ಮುಕ್ಕಾಲು ಗಂಟೆ ಸಿಗುತ್ತದೆ. ಬೋಗಿಯ ತುಂಬ ಜನ, ಆದರೆ ಮಾತಿಲ್ಲ. ಎಲ್ಲರ ಕತ್ತೂ ಒಂದೇ ಕೋನದಲ್ಲಿ ಬಾಗಿರುತ್ತದೆ. ಹೆಬ್ಬೆರಳು ಮಾತ್ರ ಮೇಲಕ್ಕೆ ಮೇಲಕ್ಕೆ ಸರಿಯುತ್ತಿರುತ್ತದೆ. ಸಿಕಂದರಾಬಾದ್, ಬೇಗಂಪೇಟೆ, ಅಮೀರ್‌ಪೇಟೆ ಬಂದು ಹೋದದ್ದು ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ನನಗೆ ಆ ಹೆಬ್ಬೆರಳುಗಳ ಬಗ್ಗೆ ವೃತ್ತಿಯ ಆಸಕ್ತಿಯಿದೆ. ನಾನು ಕೆಲಸ ಮಾಡುವುದು ಒಂದು ಮೊಬೈಲ್ ಆಪ್ ತಯಾರಿಸುವ ಕಂಪನಿಯಲ್ಲಿ. ಜನರ ಫೋನಿಗೆ ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಸೂಚನೆ ಕಳಿಸಿದರೆ ಅವರು ಮತ್ತೆ ಆಪ್ ತೆರೆಯುತ್ತಾರೆ ಎಂದು ಲೆಕ್ಕ ಹಾಕುವುದು ನಮ್ಮ ತಂಡದ ಹೊಣೆ. ಆ ಟಿಂಗ್ ಎಂಬ ಸದ್ದಿನ ಹಿಂದೆ ಕೂತಿರುವ ನೂರಾರು ಜನರಲ್ಲಿ ನಾನೂ ಒಬ್ಬ.

ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಕಳೆದ ದಸರೆಗೆ ಮೈಸೂರಿಗೆ ಹೋದಾಗ ಆ ಹೆಮ್ಮೆ ಇಳಿಯಿತು.

ಅಮ್ಮನಿಗೆ ಈಗ ಎಪ್ಪತ್ತಮೂರು. ಅಪ್ಪ ಹೋದ ಮೇಲೆ ಒಬ್ಬರೇ ಇದ್ದಾರೆ. ನಾಲ್ಕು ವರ್ಷದ ಹಿಂದೆ ನಾನೇ ಅವರಿಗೆ ಸ್ಮಾರ್ಟ್‌ಫೋನ್ ಕೊಡಿಸಿ, ವಿಡಿಯೊ ಕರೆ ಮಾಡುವುದನ್ನು ಕಲಿಸಿದ್ದೆ. ದಸರೆಯ ರಜೆಯ ಮೊದಲ ರಾತ್ರಿ ನೀರು ಕುಡಿಯಲು ಎದ್ದಾಗ ಅವರ ಕೋಣೆಯಲ್ಲಿ ನೀಲಿ ಬೆಳಕು ಕಂಡಿತು. ಗಂಟೆ ಒಂದೂವರೆ. ಕಣ್ಣು ಕೆಂಪಾಗಿ, ಕನ್ನಡಕ ಮೂಗಿನ ತುದಿಗೆ ಜಾರಿ, ಅಮ್ಮ ಪುಟ್ಟ ಪುಟ್ಟ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದರು. ಅಡುಗೆ, ದೇವಸ್ಥಾನ, ಬೆನ್ನುನೋವಿಗೆ ಔಷಧಿ, ಯಾರದೋ ಮಗುವಿನ ಕುಣಿತ. ನಾನು ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೆಲವು ವಾರಗಳ ಹಿಂದಷ್ಟೇ ಅರವತ್ತು ದಾಟಿದ ಬಳಕೆದಾರರಿಗೆ ರಾತ್ರಿ ಹತ್ತರ ನಂತರ ಸೂಚನೆ ಕಳಿಸಿದರೆ ಏನಾಗುತ್ತದೆ ಎಂಬ ಪ್ರಯೋಗವನ್ನು ನಮ್ಮ ತಂಡ ನಡೆಸಿತ್ತು. ಫಲಿತಾಂಶ ಚೆನ್ನಾಗಿದೆ ಎಂದು ನಾನೇ ಸ್ಲೈಡ್ ತಯಾರಿಸಿದ್ದೆ. ಆ ಗ್ರಾಫಿನ ಏರುಗೆರೆಗೆ ಮುಖವಿರಲಿಲ್ಲ. ಆ ರಾತ್ರಿ ಮುಖ ಕಂಡಿತು.

ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಗದರಿದೆ. ಅಮ್ಮ ಸಿಟ್ಟಾಗಲಿಲ್ಲ. ಅವರ ಅಪ್ಪನ, ಅಂದರೆ ನನ್ನ ಅಜ್ಜನ, ಮಾತು ತೆಗೆದರು. ಅಜ್ಜ 1930ರ ದಶಕದ ಕೊನೆಯಲ್ಲಿ ಮಹಾರಾಜ ಕಾಲೇಜಿನಲ್ಲಿ ಓದಿದವರು. ಅಗ್ರಹಾರದಲ್ಲಿ ರೂಮು ಮಾಡಿಕೊಂಡಿದ್ದರಂತೆ. ಪಕ್ಕದ ವಕೀಲರ ಮನೆಯಲ್ಲಿ ರೇಡಿಯೊ ಪೆಟ್ಟಿಗೆಯಿತ್ತು. ಸಂಜೆ ಅದರ ಸುತ್ತ ಇಪ್ಪತ್ತು ಜನ ಸೇರುತ್ತಿದ್ದರು. ಆ ರೇಡಿಯೊ ಎಲ್ಲಿಂದ ಬರುತ್ತಿತ್ತು ಗೊತ್ತೇನು ಎಂದು ಕೇಳಿ, ಅದು ಬರುತ್ತಿದ್ದದ್ದು ಅಜ್ಜನ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟರ ಮನೆಯಿಂದ ಎಂದು ಅಮ್ಮನೇ ಉತ್ತರ ಕೊಟ್ಟರು.

ಎಂ.ವಿ. ಗೋಪಾಲಸ್ವಾಮಿಯವರ ಹೆಸರು ನನಗೆ ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕದಿಂದ ಗೊತ್ತಿತ್ತು. ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಮೊದಲು ನಡೆಸಿದವರು ಎಂಬ ಒಂದು ಸಾಲಿನ ಉತ್ತರ, ಒಂದು ಅಂಕ. ಅವರು ಮನಶ್ಶಾಸ್ತ್ರಜ್ಞರೆಂಬುದು ಮಾತ್ರ ತಲೆಯಲ್ಲಿ ಉಳಿದಿರಲಿಲ್ಲ. ಗಮನ ಎಂದರೇನು, ಮನುಷ್ಯ ಹೇಗೆ ಕಲಿಯುತ್ತಾನೆ ಎಂದು ಪ್ರಯೋಗಶಾಲೆಯಲ್ಲಿ ಅಳೆಯಲು ಬಲ್ಲ ಮನುಷ್ಯನೇ ನಮ್ಮ ನಾಡಿನ ಮನೆಮನೆಗೆ ದನಿ ಕಳಿಸುವ ಯಂತ್ರವನ್ನೂ ಕಟ್ಟಿದ ಎಂದರೆ ನನ್ನ ಕಸುಬಿನವರು ಕಿವಿ ನಿಮಿರಿಸಲೇಬೇಕು. ಹೈದರಾಬಾದಿಗೆ ಮರಳಿದ ಮೇಲೆ ಅವರ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಮೆಟ್ರೊದ ಆ ಮುಕ್ಕಾಲು ಗಂಟೆಯಲ್ಲಿ ಓದತೊಡಗಿದೆ.

ಗೋಪಾಲಸ್ವಾಮಿ ಹುಟ್ಟಿದ್ದು 1896ರಲ್ಲಿ. ಮನಶ್ಶಾಸ್ತ್ರ ಎಂಬುದು ಆಗಿನ್ನೂ ತತ್ವಶಾಸ್ತ್ರದ ಮನೆಯಲ್ಲಿ ಬಾಡಿಗೆಗಿದ್ದ ವಿಷಯ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಶಾಲೆ ತೆರೆದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಗೋಪಾಲಸ್ವಾಮಿ ಉನ್ನತ ಅಧ್ಯಯನಕ್ಕೆ ಹೋದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ. ಅಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಶಕ್ತಿಯನ್ನು ಅಂಕಿಗಳಲ್ಲಿ ಹಿಡಿಯಲು ಹೊರಟ ದೊಡ್ಡ ಹೆಸರು ಅದು. ಬೇರೆಬೇರೆ ಕೆಲಸಗಳಲ್ಲಿ ಒಬ್ಬ ವ್ಯಕ್ತಿ ತೋರುವ ಸಾಮರ್ಥ್ಯದ ಹಿಂದೆ ಒಂದು ಸಾಮಾನ್ಯ ಬುದ್ಧಿ ಇದೆ ಎಂದು 1904ರಲ್ಲಿ ವಾದಿಸಿದವರು ಅವರು. ಶಿಷ್ಯ ಆರಿಸಿಕೊಂಡದ್ದು ಕೈಗೂ ಬುದ್ಧಿಗೂ ಇರುವ ನಂಟನ್ನು. ದೇಹದ ಚಲನೆಯನ್ನು ಕಲಿಯುವಾಗ ಬುದ್ಧಿಯ ಪಾತ್ರವೇನು ಎಂಬ ಅವರ ಪ್ರಬಂಧ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು.

ಈ ಬಗೆಯ ಸಂಶೋಧನೆಯಲ್ಲಿ ಕನ್ನಡಿಚಿತ್ರದ ಪ್ರಯೋಗ ಪ್ರಸಿದ್ಧ. ಮನಶ್ಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುತ್ತದೆ. ಕಾಗದದ ಮೇಲೆ ನಕ್ಷತ್ರದ ಗೆರೆ ಇರುತ್ತದೆ. ಕಾಗದವನ್ನಾಗಲಿ ಕೈಯನ್ನಾಗಲಿ ನೇರವಾಗಿ ನೋಡುವಂತಿಲ್ಲ, ಎದುರಿನ ಕನ್ನಡಿಯಲ್ಲಷ್ಟೇ ನೋಡುತ್ತ ಗೆರೆಯ ಮೇಲೆ ಪೆನ್ಸಿಲ್ ನಡೆಸಬೇಕು. ಮೊದಲ ಸಲ ಕೈ ಹಟ ಹಿಡಿದ ಹೋರಿಯಂತೆ ಆಡುತ್ತದೆ. ಮೇಲೆ ಎಂದರೆ ಕೆಳಗೆ ಹೋಗುತ್ತದೆ. ಮತ್ತೆ ಮತ್ತೆ ತಪ್ಪಿ, ತಡೆದು, ನೋಡಿ, ಯೋಚಿಸಿ ಹತ್ತಾರು ಸಲ ಮಾಡಿದ ಮೇಲೆ ಕೈ ಪಳಗುತ್ತದೆ. ಇಲ್ಲಿ ಅಳೆಯುವುದು ಎರಡನ್ನು: ಹಿಡಿದ ಸಮಯ, ಮಾಡಿದ ತಪ್ಪು. ನನಗೆ ಇದು ಹಿಡಿಸಿದ್ದಕ್ಕೆ ಕಾರಣವಿದೆ. ನಾವು ಆಫೀಸಿನಲ್ಲಿ ಸಮಯವನ್ನು ಅಳೆಯುತ್ತೇವೆ. ತಪ್ಪನ್ನು ಅಳೆಯುವುದಿಲ್ಲ. ಬಳಕೆದಾರ ಎಷ್ಟು ಹೊತ್ತು ಇದ್ದ ಎಂಬ ಅಂಕಿ ನಮ್ಮ ಗೋಡೆಯ ಮೇಲೆ ದಿನವಿಡೀ ಹೊಳೆಯುತ್ತಿರುತ್ತದೆ. ಅಷ್ಟು ಹೊತ್ತಿನಲ್ಲಿ ಅವನ ಕೈ ಏನು ಕಲಿಯಿತು, ಮನಸ್ಸು ಏನು ಮರೆಯಿತು ಎಂಬ ಅಂಕಣವೇ ಇಲ್ಲ.

1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಅದನ್ನು ಕಟ್ಟುವ ಹೊಣೆ ಗೋಪಾಲಸ್ವಾಮಿಯವರದು. ವಿಶ್ವವಿದ್ಯಾಲಯಕ್ಕೇ ಆಗ ಎಂಟು ವರ್ಷ. ಕಲ್ಕತ್ತೆಯಲ್ಲಿ 1916ರಲ್ಲಿ ಇಂಥ ವಿಭಾಗ ಶುರುವಾಗಿತ್ತು. ಆಗ ಮೈಸೂರಿನ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಶೀಲರು. ಕಲ್ಕತ್ತೆಯ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿದವರೇ ಅವರು. ಲಂಡನ್ನಿನಿಂದ ಬಂದ ತರುಣನಿಗೆ ಇದಕ್ಕಿಂತ ಒಳ್ಳೆಯ ನೆರಳು ಬೇಕಿರಲಿಲ್ಲ. ದೇಶದಲ್ಲಿ ಈ ವಿಷಯಕ್ಕೆ ಪ್ರಯೋಗಶಾಲೆ ಇದ್ದ ಊರುಗಳನ್ನು ಕೈಬೆರಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ ಮಹಾರಾಜ ಕಾಲೇಜಿನ ಹುಡುಗರು ಗಡಿಯಾರ ಹಿಡಿದು ಮನಸ್ಸನ್ನು ಅಳೆಯುವುದನ್ನು ಕಲಿತರು. ಮನಸ್ಸೆಂದರೆ ವೇದಾಂತದ ವಿಷಯ ಎಂದುಕೊಂಡಿದ್ದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಷ್ಟಕ್ಕೇ ನಿಂತಿದ್ದರೂ ಅವರ ಹೆಸರು ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಉಳಿಯುತ್ತಿತ್ತು. ಆದರೆ ಅವರಿಗೆ ಇನ್ನೊಂದು ಹುಚ್ಚಿತ್ತು.

ಆ ಹುಚ್ಚು ತಿಳಿಯಬೇಕಾದರೆ ಆಗಿನ ರೇಡಿಯೊ ಲೋಕವನ್ನು ನೆನೆಯಬೇಕು. ಗೋಪಾಲಸ್ವಾಮಿಯವರ ಲಂಡನ್ ವಾಸದ ಆಸುಪಾಸಿನಲ್ಲೇ, 1922ರ ನವೆಂಬರ್‌ನಲ್ಲಿ, ಬಿಬಿಸಿ ಅಲ್ಲಿ ಪ್ರಸಾರ ಶುರುಮಾಡಿತ್ತು. ಭಾರತದಲ್ಲಿ 1927ರಲ್ಲಿ ಬೊಂಬಾಯಿ, ಕಲ್ಕತ್ತೆಗಳಲ್ಲಿ ಖಾಸಗಿ ಕಂಪನಿಯೊಂದು ಕೇಂದ್ರ ತೆರೆದು ಮೂರೇ ವರ್ಷದಲ್ಲಿ ದಿವಾಳಿಯಾಯಿತು. ಸರ್ಕಾರ ಅದನ್ನು ಅರೆಮನಸ್ಸಿನಿಂದ ವಹಿಸಿಕೊಂಡಿತು. ಪ್ರಸಾರವನ್ನು ಗಟ್ಟಿ ಮಾಡಲು ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಎಂಬ ಅಧಿಕಾರಿ ಬಂದಿಳಿದದ್ದು 1935ರ ಆಗಸ್ಟ್ ಕೊನೆಯಲ್ಲಿ. ದೆಹಲಿ ಕೇಂದ್ರ ಶುರುವಾದದ್ದು 1936ರ ಜನವರಿ 1ರಂದು. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು ಅದೇ ವರ್ಷ ಜೂನ್‌ನಲ್ಲಿ.

ಇವೆರಡಕ್ಕೂ ಮೊದಲೇ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಮನಶ್ಶಾಸ್ತ್ರದ ಮೇಷ್ಟರು ಪ್ರಸಾರ ಶುರುಮಾಡಿದ್ದರು. ಕೈಯಲ್ಲಿದ್ದದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್. ನಮ್ಮ ಹಿರಿಯರ ಮನೆಯ ಜಗಲಿಯಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬಲ್ಬಿನ ಅರ್ಧ ಶಕ್ತಿ. ಆಮೇಲೆ 250 ವ್ಯಾಟಿನದು ಬಂತು. ಇಂದು ಯಾದವಗಿರಿಯಲ್ಲಿರುವ ಮೈಸೂರು ಆಕಾಶವಾಣಿಗೂ ಆ ಮನೆಗೂ ಕೂಗಳತೆಯ ದೂರ.

ಪ್ರಸಾರಕ್ಕೆ ಅವರು ಇಟ್ಟ ಹೆಸರು ಆಕಾಶವಾಣಿ. ಆ ಹೆಸರು ಸೂಚಿಸಿದ ಶ್ರೇಯಸ್ಸು ಅವರ ಸಹೋದ್ಯೋಗಿ, ಹಾಸ್ಯಸಾಹಿತಿ ನಾ. ಕಸ್ತೂರಿಯವರದು ಎಂಬ ಮಾತೂ ಇದೆ. ಕಸ್ತೂರಿ ಕೇರಳದಿಂದ ಬಂದು ಕನ್ನಡ ಕಲಿತು ಕನ್ನಡದವರೇ ಆದವರು. ಹೊರಗಿನಿಂದ ಬಂದವರು ಊರಿಗೆ ಏನು ಕೊಡಬಹುದು ಎಂಬುದಕ್ಕೆ ನಮ್ಮಂಥ ಹೊರನಾಡಿನವರು ನೆನೆಯಬೇಕಾದ ಹೆಸರು ಅದು. ಕೇಂದ್ರದ ಕೆಲಸದಲ್ಲಿ ಅವರು ಗೋಪಾಲಸ್ವಾಮಿಯವರ ಬಲಗೈ.

ಊರೂ ಅಂಥದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಇದ್ದ ಊರು. ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರು, ತರುಣ ಕುವೆಂಪು. ಸಂಗೀತ, ಭಾಷಣ, ನಾಟಕ ಎಂದು ಕೊಡಲು ಸಾಮಗ್ರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ದುಡ್ಡಿಗೆ. ಮೊದಲ ದಿನಗಳಲ್ಲಿ ಖರ್ಚು ಮೇಷ್ಟರ ಕೈಯಿಂದಲೇ ಹೋಯಿತು. ನಂತರ ನಗರಸಭೆಯ ನೆರವು ಸಿಕ್ಕಿತು. ಕೇಳುಗರಿಂದ ಲಾಭ ಮಾಡುವ ಹಾದಿ ಅವರಿಗಿರಲಿಲ್ಲ, ಅದನ್ನು ಹುಡುಕಿದವರೂ ಅಲ್ಲ.

ಅದೇ 1935ರಲ್ಲಿ ಅಮೆರಿಕದಲ್ಲಿ ಹಾಡ್ಲಿ ಕ್ಯಾಂಟ್ರಿಲ್, ಗಾರ್ಡನ್ ಆಲ್‌ಪೋರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ದಿ ಸೈಕಾಲಜಿ ಆಫ್ ರೇಡಿಯೊ ಎಂಬ ಗ್ರಂಥ ಹೊರತಂದರು. ಕಾಣದ ದನಿಯೊಂದು ಕೇಳುಗನ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅದರ ವಿಷಯ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಸರ್ಕಾರವೇ ಅಗ್ಗದ ರೇಡಿಯೊ ಪೆಟ್ಟಿಗೆ ಮಾಡಿಸಿ ಒಂದೇ ಪಕ್ಷದ ದನಿ ಪ್ರತಿ ಮನೆಯ ಒಳಗೂ ಮೊಳಗುವಂತೆ ನೋಡಿಕೊಳ್ಳುತ್ತಿತ್ತು. ಹಳೆಯ ತಂತ್ರಜ್ಞಾನವೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂಬ ಮಾತನ್ನು ನಾನು ಹೇಳುತ್ತಿಲ್ಲ. ರೇಡಿಯೊ ಜನರನ್ನು ಕಟ್ಟಿಹಾಕಬಲ್ಲ ಸಾಧನ ಎಂಬುದು ಆಗಲೇ ಜಗತ್ತಿಗೆ ಗೊತ್ತಿತ್ತು. ಅದು ಗೊತ್ತಿದ್ದ ಕಾಲದಲ್ಲಿ, ಮನಸ್ಸಿನ ಶಾಸ್ತ್ರ ಬಲ್ಲ ಒಬ್ಬ ಮೇಷ್ಟರು ಅದನ್ನು ಯಾವುದಕ್ಕೆ ಬಳಸಿದರು ಎಂಬುದು ಮುಖ್ಯ.

ಅಜ್ಜ ಹೇಳುತ್ತಿದ್ದ ಸಂಗತಿಯೊಂದನ್ನು ಅಮ್ಮ ಅಂದು ನನಗೆ ಹೇಳಿದರು. ಸಂಜೆಯ ಪ್ರಸಾರ ಕೆಲವು ಹೊತ್ತು ಮಾತ್ರ. ಅದು ಮುಗಿದ ಕೂಡಲೇ ವಕೀಲರು ಪೆಟ್ಟಿಗೆಯ ಕಿವಿ ಹಿಂಡಿ, ಅದರ ಮೇಲೆ ಕಸೂತಿ ಬಟ್ಟೆ ಹೊದಿಸುತ್ತಿದ್ದರಂತೆ. ಆಮೇಲೆ ಯಾರೂ ಒಡನೆ ಏಳುತ್ತಿರಲಿಲ್ಲ. ಹಾಡಿದವರ ಶ್ರುತಿ ಸರಿಯಿತ್ತೇ, ಭಾಷಣ ಮಾಡಿದವರು ಹೇಳಿದ್ದು ಒಪ್ಪುವಂಥದ್ದೇ ಎಂದು ಜಗಲಿಯ ಮೇಲೆ ಚರ್ಚೆ. ಅಜ್ಜನ ಪ್ರಕಾರ ಕಲಿತದ್ದೆಲ್ಲ ಆ ಜಗಲಿಯ ಮೇಲೆಯೇ. ರೇಡಿಯೊ ಕೊಟ್ಟದ್ದು ಸಾಮಗ್ರಿ ಮಾತ್ರ.

ಇದನ್ನು ಕೇಳಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಕಸುಬಿನ ದೊಡ್ಡ ಉಪಾಯ. ನಾವು ಜಗಲಿಯನ್ನು ತೆಗೆದಿದ್ದೇವೆ. ಅಂದಿನ ಪ್ರಸಾರ ಮುಗಿಯುತ್ತಿತ್ತು. ಇಂದಿನದು ಮುಗಿಯುವುದಿಲ್ಲ. ಬೆರಳು ಸರಿಸಿದಷ್ಟೂ ಹೊಸದು ಬರುತ್ತಲೇ ಇರುವ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಅಮೆರಿಕದ ವಿನ್ಯಾಸಗಾರ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಪುಟ ಮುಗಿದಾಗ ಮನುಷ್ಯ ಒಂದು ಕ್ಷಣ ತಲೆಯೆತ್ತಿ, ಸಾಕೇ ಬೇಕೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಆ ಕ್ಷಣವೇ ಇಲ್ಲದಿದ್ದರೆ ಪ್ರಶ್ನೆಯೂ ಇಲ್ಲ.

ಮೇಷ್ಟರ ಕತೆ ಮುಂದುವರಿಸುತ್ತೇನೆ. ಮನೆಯಿಂದ ಹುಟ್ಟಿದ ಕೇಂದ್ರವನ್ನು 1942ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. ಆಮೇಲೂ ಸ್ವಲ್ಪ ಕಾಲ ಗೋಪಾಲಸ್ವಾಮಿಯವರೇ ಅದರ ಹೊಣೆ ಹೊತ್ತು, ನಂತರ ಕಸ್ತೂರಿಯವರಿಗೆ ಬಿಟ್ಟುಕೊಟ್ಟರು. ತಾನು ಕಟ್ಟಿದ್ದು ತನಗಿಂತ ದೊಡ್ಡದಾದಾಗ ಹಿಡಿತ ಸಡಿಲಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅವರು ತಮ್ಮ ಪಾಠಕ್ಕೆ, ಪ್ರಯೋಗಶಾಲೆಗೆ ಮರಳಿದರು.

ಇಲ್ಲಿ ಹೈದರಾಬಾದಿನ ಕತೆಯೂ ಬಂದು ಸೇರುತ್ತದೆ. ಖಾಸಗಿಯಾಗಿ ಶುರುವಾಗಿದ್ದ ಇಲ್ಲಿಯ ಪುಟ್ಟ ಬಾನುಲಿಯನ್ನು ನಿಜಾಮರ ಸರ್ಕಾರ ವಹಿಸಿಕೊಂಡದ್ದೂ 1935ರಲ್ಲೇ. ಅದೇ ಡೆಕ್ಕನ್ ರೇಡಿಯೊ. ಆಗ ಕಲಬುರಗಿ, ರಾಯಚೂರು, ಬೀದರಗಳೂ ಇದೇ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಹೀಗೆ ಕನ್ನಡಿಗರ ಎರಡು ಸಂಸ್ಥಾನಗಳಲ್ಲಿ ಒಂದೇ ವರ್ಷ ಎರಡು ದನಿಗಳು ನೆಲೆಯೂರಿದವು. 1950ರ ಏಪ್ರಿಲ್ 1ರಂದು ಮೈಸೂರಿನದೂ ಹೈದರಾಬಾದಿನದೂ ಒಟ್ಟಿಗೆ ಆಲ್ ಇಂಡಿಯಾ ರೇಡಿಯೊದ ಜಾಲ ಸೇರಿದವು. ತಾರ್ನಾಕದಲ್ಲಿ ಕೂತು ಮೈಸೂರಿನ ಕತೆ ಓದುವವನಿಗೆ ಈ ದಿನಾಂಕ ಸಿಕ್ಕಾಗ ಸಂಬಂಧಿಕರ ಮನೆ ಪಕ್ಕದ ಬೀದಿಯಲ್ಲೇ ಇದೆ ಎಂದು ತಿಳಿದಷ್ಟು ಖುಷಿಯಾಯಿತು.

1955ರ ನವೆಂಬರ್‌ನಲ್ಲಿ ಪ್ರಸಾರ ಬೆಂಗಳೂರಿಗೆ ಹೋಯಿತು. ಮೈಸೂರಿನ ಆಕಾಶ ಕೆಲಕಾಲ ಮೌನವಾಯಿತು. ಅಲ್ಲಿ ಮತ್ತೆ ಕೇಂದ್ರ ತೆರೆದದ್ದು 1974ರಲ್ಲಿ. ಆದರೆ ಹೆಸರು ಉಳಿಯಿತು, ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಐವತ್ತರ ದಶಕದ ಎರಡನೇ ಭಾಗದಲ್ಲಿ ಇಡೀ ದೇಶದ ಬಾನುಲಿಗೆ ಆಕಾಶವಾಣಿ ಎಂಬುದೇ ಅಧಿಕೃತ ಹೆಸರಾಯಿತು. ಕಾಶ್ಮೀರದ ಕುರುಬನಿಗೂ ಕನ್ಯಾಕುಮಾರಿಯ ಮೀನುಗಾರನಿಗೂ ಗೊತ್ತಿರುವ ಒಂದು ಪದ ಮೈಸೂರಿನ ಮೇಷ್ಟರ ಮನೆಯ ಪ್ರಸಾರದ ಹೆಸರಾಗಿತ್ತು. ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು.

ಆ ವರ್ಷವನ್ನು ನಾನು ಎರಡು ಸಲ ನೋಡಿದೆ. ಯಾಕೆಂದರೆ 1957 ನಮ್ಮ ಕಸುಬಿನವರಿಗೆ ಇನ್ನೊಂದು ಕಾರಣಕ್ಕೆ ಗೊತ್ತು. ಅಮೆರಿಕದ ಬಿ.ಎಫ್. ಸ್ಕಿನ್ನರ್, ಚಾರ್ಲ್ಸ್ ಫರ್ಸ್ಟರ್ ಜೊತೆಗೂಡಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ಬೃಹತ್ ಗ್ರಂಥ ಪ್ರಕಟಿಸಿದ ವರ್ಷ ಅದು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ ಹಕ್ಕಿ ಹೊಟ್ಟೆ ತುಂಬುವಷ್ಟು ಕುಕ್ಕಿ ಸುಮ್ಮನಾಗುತ್ತದೆ. ಕಾಳು ಯಾವಾಗ ಬೀಳುತ್ತದೋ ಗೊತ್ತಿಲ್ಲ ಎಂಬಂತೆ ಮಾಡಿದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರ ನಡೆಯುವುದು ಈ ಗುಟ್ಟಿನ ಮೇಲೆ. ನಮ್ಮ ಫೋನಿನ ಪರದೆಯೂ ಅದರ ಮೇಲೆಯೇ. ಹತ್ತು ವಿಡಿಯೊ ಸಪ್ಪೆ, ಹನ್ನೊಂದನೆಯದು ಮಜಾ. ಹನ್ನೆರಡನೆಯದು ಹೇಗಿದೆಯೋ ನೋಡೋಣ. ಅಮ್ಮನ ರಾತ್ರಿಯ ಒಂದೂವರೆ ಗಂಟೆಗೆ ವೈಜ್ಞಾನಿಕ ವಿವರಣೆ ಇಷ್ಟೇ. ಸ್ಕಿನ್ನರ್ ಜೂಜಿನ ಯಂತ್ರ ಮಾಡಲಿಲ್ಲ, ಅವರು ಕಂಡದ್ದನ್ನು ಬರೆದರು. ಅದನ್ನು ವ್ಯಾಪಾರ ಮಾಡಿಕೊಂಡವರು ಆಮೇಲಿನವರು.

ಲಂಡನ್ನಿನ ಕನ್ನಡಿಚಿತ್ರ, ಅಮೆರಿಕದ ಪಾರಿವಾಳ, ಎರಡೂ ಒಂದೇ ಶಾಸ್ತ್ರದ ಮಕ್ಕಳು. ಕಲಿಕೆ ಹೇಗಾಗುತ್ತದೆ ಎಂಬ ಒಂದೇ ಪ್ರಶ್ನೆ. ಆ ಪ್ರಶ್ನೆ ಬಲ್ಲವನ ಮುಂದೆ ಎರಡು ದಾರಿಗಳಿರುತ್ತವೆ. ಕೇಳುಗನಿಗೆ ಏನಾದರೂ ಕೊಟ್ಟು ಅವನನ್ನು ಜಗಲಿಗೆ ಕಳಿಸುವುದು ಒಂದು. ಅವನು ಏಳದಂತೆ ನೋಡಿಕೊಳ್ಳುವುದು ಇನ್ನೊಂದು. ಗೋಪಾಲಸ್ವಾಮಿಯವರ ಬದುಕಿನಿಂದ ನಾನು ಕಲಿತದ್ದು ಇದನ್ನೇ. ಜನರ ಗಮನ ಸೆಳೆಯುವುದು ತಪ್ಪಲ್ಲ. ಮೇಷ್ಟರ ಕೆಲಸವೇ ಅದು, ಸಂಗೀತಗಾರನದೂ ಅದೇ. ಸೆಳೆದದ್ದನ್ನು ಹಿಂದಿರುಗಿಸುವ ಹೊತ್ತು ಗೊತ್ತಿರಬೇಕು. ಕಾಲೇಜಿನಲ್ಲಿ ಗಂಟೆ ಬಾರಿಸಿದರೆ ಪಾಠ ನಿಲ್ಲುತ್ತದೆ. ಪ್ರಸಾರಕ್ಕೂ ಕೊನೆಯಿರುತ್ತಿತ್ತು.

ಇಷ್ಟು ಯೋಚಿಸಿದ ಮೇಲೆ ನಾನೇನು ಮಾಡಿದೆ ಎಂದು ನೀವು ಕೇಳಬಹುದು. ದೊಡ್ಡದೇನೂ ಇಲ್ಲ. ಕೆಲಸ ಬಿಡಲಿಲ್ಲ. ಮನೆ ಸಾಲ ಇದೆ, ಮಗಳ ಫೀಸು ಇದೆ. ನಿಮ್ಮಲ್ಲಿ ಬಹಳ ಜನಕ್ಕೆ ಈ ಲೆಕ್ಕ ಗೊತ್ತು. ಆಫೀಸಿನಲ್ಲಿ ಒಂದು ಪ್ರಸ್ತಾವ ಇಟ್ಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾರಿಗೂ ಸೂಚನೆ ಬೇಡ, ಮತ್ತು ಇಂತಿಷ್ಟು ವಿಡಿಯೊ ಆದ ಮೇಲೆ ಪರದೆ ಒಮ್ಮೆ ನಿಂತು ಇವತ್ತಿಗೆ ಇಷ್ಟು ಎಂದು ಹೇಳಲಿ. ಮೊದಲನೆಯದನ್ನು ಮೂರು ತಿಂಗಳ ಪ್ರಯೋಗವಾಗಿ ಒಪ್ಪಿದರು. ಎರಡನೆಯದಕ್ಕೆ ಎಲ್ಲರೂ ನಕ್ಕರು. ಅಂಗಡಿಯವನೇ ಬಾಗಿಲು ಹಾಕಿಕೊಳ್ಳುವುದುಂಟೇ ಎಂಬುದು ಅವರ ಪ್ರಶ್ನೆ. ನಮ್ಮೂರ ಅಂಗಡಿಯವರು ರಾತ್ರಿ ಬಾಗಿಲು ಹಾಕುತ್ತಾರೆ ಎಂದು ನಾನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಪ್ರಯೋಗ ಮುಗಿದ ಮೇಲೆ ಏನಾಗುತ್ತದೋ ಕಾದು ನೋಡಬೇಕು.

ಮನೆಯ ವಿಷಯ ಇದಕ್ಕಿಂತ ಕಷ್ಟ. ಅಮ್ಮನಿಗೆ ಫೋನಿನ ಕೆಡುಕುಗಳ ಬಗ್ಗೆ ಮತ್ತೆ ಉಪದೇಶ ಮಾಡಲು ಹೋದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ತಂತ್ರಜ್ಞಾನದ ಅತಿಬಳಕೆಗೆಂದು ಒಂದು ಕ್ಲಿನಿಕ್ ಇದೆ, ಅದರ ಹೆಸರು ಶಟ್, ಕಡು ತೊಂದರೆಯಾದವರು ಅಲ್ಲಿಗೆ ಹೋಗುತ್ತಾರೆ ಎಂದೆಲ್ಲ ಹೇಳಿದೆ. ಅಮ್ಮ ಸಾವಧಾನವಾಗಿ ಕೇಳಿಸಿಕೊಂಡು, ರಾತ್ರಿ ನಿದ್ದೆ ಬರುವುದಿಲ್ಲ, ಆ ಹೊತ್ತಿನಲ್ಲಿ ಮಾತಾಡುವುದು ಇದೊಂದೇ, ನೀನಂತೂ ಭಾನುವಾರ ಮಾತ್ರ ಎಂದರು. ದೂರಿನ ದನಿಯಿರಲಿಲ್ಲ. ಹಾಲಿನ ಲೆಕ್ಕ ಹೇಳುವ ದನಿ.

ನನಗೆ ಉತ್ತರ ಇರಲಿಲ್ಲ. ಅಜ್ಜನ ರೇಡಿಯೊ ನಿಂತಾಗ ಅವರಿಗೆ ಜಗಲಿಯಿತ್ತು, ಜಗಲಿಯ ಮೇಲೆ ಜನ ಇದ್ದರು. ಅಮ್ಮನ ಫೋನು ನಿಂತರೆ ಉಳಿಯುವುದು ಖಾಲಿ ಮನೆ. ಆ ಮನೆಯನ್ನು ಖಾಲಿ ಮಾಡಿ ಬಂದವನು ನಾನು. ಗಮನವನ್ನು ಹಿಡಿದಿಡುವ ತಂತ್ರ ಎಷ್ಟೇ ಚತುರವಾಗಿರಲಿ, ಅದು ಬೇರೂರುವುದು ನಾವು ಬಿಟ್ಟುಹೋದ ಜಾಗದಲ್ಲಿ. ಊರಿನಲ್ಲಿ ಹಿರಿಯರನ್ನು ಬಿಟ್ಟು, ಕೈಗೆ ಒಳ್ಳೆಯ ಫೋನು ಕೊಟ್ಟು, ಹೊಣೆ ಮುಗಿಯಿತು ಎಂದುಕೊಂಡಿರುವ ನಾವೆಲ್ಲ ಇದನ್ನು ಒಮ್ಮೆ ಯೋಚಿಸಬೇಕು. ಪುಣೆಯಲ್ಲಿರಲಿ, ದುಬೈಯಲ್ಲಿರಲಿ, ತಾರ್ನಾಕದಲ್ಲಿರಲಿ.

ಈಗ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ದಿನಾ ರಾತ್ರಿ ಎಂಟೂವರೆಗೆ ನಾನು ಕರೆ ಮಾಡುತ್ತೇನೆ. ಅರ್ಧ ಗಂಟೆ. ಆ ಹೊತ್ತಿನಲ್ಲಿ ನನ್ನ ಇನ್ನೊಂದು ಫೋನು, ಲ್ಯಾಪ್‌ಟಾಪ್ ಎರಡೂ ಒಳಗಿನ ಕೋಣೆಯಲ್ಲಿರುತ್ತವೆ. ಮೊದಲ ವಾರ ಇಬ್ಬರಿಗೂ ಮಾತೇ ಸಿಗುತ್ತಿರಲಿಲ್ಲ. ಊಟವಾಯಿತೇ, ಮಳೆ ಬಂತೇ ಎಂಬಲ್ಲಿಗೆ ನಿಲ್ಲುತ್ತಿತ್ತು. ಎರಡನೇ ವಾರ ಅಮ್ಮ ಬೆಳಿಗ್ಗೆ ಆಕಾಶವಾಣಿಯಲ್ಲಿ ಕೇಳಿದ್ದನ್ನು ಹೇಳತೊಡಗಿದರು. ಕಪಾಟಿನ ಮೇಲಿದ್ದ ಅಪ್ಪನ ಹಳೆಯ ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿಸಿದ್ದಾರೆ. ಕೇಳಿದ್ದಕ್ಕೆ ಟೀಕೆಯೂ ಇರುತ್ತದೆ. ಹಾಡಿದವರ ಶ್ರುತಿ, ಮಾತಾಡಿದವರ ಕನ್ನಡ. ಅಜ್ಜನ ಜಗಲಿ ಒಂದಷ್ಟು ಫೋನಿನೊಳಗೇ ಬಂದಂತಾಗಿದೆ. ಹಾಗೆಂದು ಎಲ್ಲ ಸರಿಹೋಯಿತು ಎನ್ನಲಾರೆ. ಕೆಲವು ರಾತ್ರಿ ಹನ್ನೆರಡರ ಮೇಲೂ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತದೆ. ಅದನ್ನು ನಾನು ನೋಡಿದೆ ಎಂದರೆ ಆ ಹೊತ್ತಿನಲ್ಲಿ ನನ್ನ ಕೈಯಲ್ಲೂ ಫೋನಿತ್ತು ಎಂದೇ ಅರ್ಥ.

ಕಳೆದ ತಿಂಗಳು ಮೈಸೂರಿಗೆ ಹೋದಾಗ ಸಂಜೆ ಅಮ್ಮನನ್ನು ಕರೆದುಕೊಂಡು ಯಾದವಗಿರಿಯ ಆಕಾಶವಾಣಿಯ ಮುಂದಿನ ರಸ್ತೆಯಲ್ಲಿ ನಡೆದೆ. ಫೋನುಗಳನ್ನು ಮನೆಯಲ್ಲೇ ಬಿಟ್ಟಿದ್ದೆವು. ಮರಗಳ ನೆರಳು, ಕಾಂಪೌಂಡಿನ ಒಳಗೆ ದೀಪ. ಅಮ್ಮ ನಿಧಾನವಾಗಿ ನಡೆಯುತ್ತ, ಇಷ್ಟು ದೊಡ್ಡ ಹೆಸರು ಇಟ್ಟವರ ಯಂತ್ರ ಬಲ್ಬಿನಷ್ಟೂ ಶಕ್ತಿಯದಲ್ಲವಂತೆ ಎಂದು ನಾನು ಹೇಳಿದ್ದನ್ನೇ ನನಗೆ ತಿರುಗಿ ಹೇಳಿ ನಕ್ಕರು.

ತಾರ್ನಾಕ ಎಂಬ ಹೆಸರಿಗೆ ಇಲ್ಲಿಯ ಹಳಬರು ಒಂದು ವಿವರಣೆ ಕೊಡುತ್ತಾರೆ. ತಾರ್ ಎಂದರೆ ತಂತಿ, ನಾಕಾ ಎಂದರೆ ಕಾವಲು ಕಟ್ಟೆ. ನಿಜಾಮರ ಕಾಲದಲ್ಲಿ ಇಲ್ಲಿದ್ದ ತೋಟಕ್ಕೆ ತಂತಿ ಬೇಲಿ ಹಾಕಿ ಕಾವಲು ಕೂರಿಸಿದ್ದರಂತೆ. ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ನುಗ್ಗುವಂತಿರಲಿಲ್ಲ. ಬೆಳಿಗ್ಗೆ ಮೆಟ್ರೊ ಹತ್ತುವಾಗ ಸ್ಟೇಷನ್ನಿನ ಫಲಕದ ಮೇಲೆ ಆ ಹೆಸರು ಕಂಡಾಗಲೆಲ್ಲ ಈಗ ನನ್ನ ಕೆಲಸ ನೆನಪಾಗುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಫೋನನ್ನು ಚೀಲದಲ್ಲಿಟ್ಟು ಕಿಟಕಿಯಾಚೆ ನೋಡುತ್ತೇನೆ. ಮೆಟ್ಟುಗುಡ ದಾಟುವವರೆಗೆ ಕೈ ಚಡಪಡಿಸುತ್ತದೆ, ಕನ್ನಡಿಯೊಳಗಿನ ನಕ್ಷತ್ರದ ಗೆರೆ ಎಳೆಯುವವನ ಕೈಯಂತೆ. ಆಮೇಲೆ ಪಳಗುತ್ತದೆ.